ಹಳದಿ ಗೆರೆಯಾಚೆಯ ದೊಡ್ಡಪ್ಪ

ಗಡಿ ಸಹಕಾರ ಕಚೇರಿಯ ಮುಖ್ಯಸ್ಥರಾದ ಮಾನ್ಯರೇ,

ಇವತ್ತು ಬೆಳಿಗ್ಗೆ ಸೇತುವೆಯ ಮೇಲೆ ಬರುವಾಗ, ಗಡಿ ಗುರುತಿಸುವ ನಟ್ಟನಡುವಿನ ಹಳದಿ ಗೆರೆಗೆ ಹೊಸ ಬಣ್ಣ ಬಳಿಯುತ್ತಿದ್ದರು. ಗೆರೆಯ ಮೇಲೆ ಯಾರದೋ ಕೂದಲಿನ ಕ್ಲಿಪ್ಪು ಬಿದ್ದಿತ್ತು. ಬಳಿಯುವವರು ಅದನ್ನು ಎತ್ತಿಡಲಿಲ್ಲ, ಅದರ ಮೇಲೆಯೇ ಬ್ರಷ್ ಎಳೆದು ಮುಂದಕ್ಕೆ ಹೋದರು. ಹೆಂಗಸರು ಮಕ್ಕಳ ರಕ್ಷಣೆಗೆಂದು ಎರಡೂ ದಡಗಳ ಸರ್ಕಾರಗಳು ಸೇರಿ ನಡೆಸುವ ನಿಮ್ಮ ಸಮ್ಮೇಳನ ನಾಡಿದ್ದು ತಾನೆ? ಸಹಕಾರದ ಹೆಸರಲ್ಲಿ ಮೊದಲು ಸಿಂಗಾರಗೊಂಡದ್ದು ನಮ್ಮನ್ನು ಬೇರೆ ಮಾಡುವ ಗೆರೆ.

ನನ್ನ ದೂರು ಇಷ್ಟೇ. ಇದೇ ಗೆರೆಯ ಮೇಲೆ ನಿಮ್ಮ ಕಚೇರಿ ಒಬ್ಬ ಹುಡುಗಿಯನ್ನು, ಅವಳನ್ನು ಮಾರಿದವನ ಕೈಗೇ ಒಪ್ಪಿಸಿತು. ನಾಡಿದ್ದು ಅವಳನ್ನೇ ಮತ್ತೆ ಒಪ್ಪಿಸಲು ಹೊರಟಿದೆ, ಈ ಸಲ ಕ್ಯಾಮೆರಾಗಳ ಮುಂದೆ.

ನಾನು ಈಚೆ ದಡದ ಆಶ್ರಯಗೃಹದಲ್ಲಿ ದುಭಾಷಿ. ಸಾಹಿತ್ಯ ಓದಿದವಳು. ನಾಲ್ಕು ಜನರ ಮುಂದೆ ಬಾಯಿ ತೆರೆದರೆ ಕಿವಿ ಕೆಂಪಾಗುತ್ತದೆ. ಅಜ್ಜಿ ಆಚೆ ದಡದವರು, ಹಾಗಾಗಿ ಅಲ್ಲಿನ ಭಾಷೆ ಬಯ್ಗುಳದ ಸಮೇತ ಬರುತ್ತದೆ. ಅಷ್ಟೇ ನನ್ನ ಅರ್ಹತೆ.

ಹುಡುಗಿ ಆಚೆ ದಡದವಳು. ಈಚೆ ದಡದ ಚೀಲ ಹೊಲಿಯುವ ಕಾರ್ಖಾನೆಯೊಂದರ ಬೀಗ ಒಡೆದು ಪೊಲೀಸರು ಅವಳನ್ನು ತಂದಾಗ ಅವಳ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಮೂತಿ ಅಚ್ಚೊತ್ತಿತ್ತು. ತೂಕಡಿಸಿದರೆ ಮಾಲೀಕ ದಬ್ಬಣದಿಂದ ತೊಡೆಗೆ ಚುಚ್ಚುತ್ತಿದ್ದನಂತೆ. ಓಡಿಹೋಗಲು ನೋಡಿದ ಹೆಂಗಸೊಬ್ಬಳನ್ನು ಜಡೆ ಹಿಡಿದು ಎಳೆತಂದು, ಎಲ್ಲರೂ ನೋಡುವಂತೆ ತಲೆಯನ್ನು ಮೆಟ್ಟಿಲಿಗೆ ಬಡಿದನಂತೆ. "ಆಮೇಲೆ ಆ ಅಕ್ಕ ಏಳಲೇ ಇಲ್ಲ. ಮೆಟ್ಟಿಲು ತೊಳೆದಿದ್ದು ನಾವೇ," ಎಂದಳು. ನಾನು ಅದನ್ನು ಈಚೆ ಭಾಷೆಗೆ ತಿರುಗಿಸಿ ಪೊಲೀಸರಿಗೆ ಹೇಳಿದೆ. ಹೇಳುವಾಗ ಕ್ರಿಯಾಪದಕ್ಕಾಗಿ ತಡವರಿಸಿದೆ. ಬಡಿದ ಎನ್ನಲೇ, ಜಜ್ಜಿದ ಎನ್ನಲೇ?

ಅಷ್ಟು ಕಂಡವಳು ಆಶ್ರಯಗೃಹಕ್ಕೆ ಬಂದ ಮೇಲೆ ಬಾಯಿ ಮುಚ್ಚಿ ಕೂರಲಿಲ್ಲ. ಎಲ್ಲದಕ್ಕೂ ವಾದ. ನಾವೆಲ್ಲ ಅತ್ತೆ ಎಂದು ಕರೆಯುವ ಅಲ್ಲಿನ ಅಡುಗೆಯವರು ಅವಳಿಗೆ ಲಾಯರಮ್ಮ ಎಂದೇ ಹೆಸರಿಟ್ಟರು. "ಬಂದ್ರಪ್ಪ ಲಾಯರಮ್ಮ, ಉಪ್ಪು ಕಮ್ಮಿ ಅಂತ ಕೇಸು ಹಾಕೋಕೆ!" ನನ್ನನ್ನೂ ಬಿಡುತ್ತಿರಲಿಲ್ಲ. "ಅಕ್ಕಾ, ಇಷ್ಟೆಲ್ಲ ಓದಿದೀಯಂತೆ, ದನೀನ ಕಾಲೇಜಲ್ಲೇ ಮರೆತು ಬಂದ್ಯಾ?"

ಅವಳನ್ನು ಊರಿಗೆ ಕಳಿಸುವ ದಿನ ನಿಮ್ಮ ಪದ್ಧತಿಯಂತೆಯೇ ನಡೆದೆವು. ಮಗು ಈ ದಿಕ್ಕಿನಿಂದ ಗೆರೆಗೆ ಬರಬೇಕು, ಕರೆದೊಯ್ಯುವವರು ಆ ದಿಕ್ಕಿನಿಂದ. ಇಬ್ಬರೂ ಒಬ್ಬರನ್ನೊಬ್ಬರು ಮೊದಲು ನೋಡುವುದೇ ಅಲ್ಲಿ. ಬಿಳಿ ಅಂಗಿಯವನೊಬ್ಬ ಕೈಚಾಚಿ ನಿಂತಿದ್ದ. ಅವಳ ದೊಡ್ಡಪ್ಪ ಎಂದರು ಆಚೆಯ ಅಧಿಕಾರಿ. ಹುಡುಗಿ ಒಂದು ಕಾಲನ್ನು ಗೆರೆಯಾಚೆ ಇಟ್ಟವಳು ಅಲ್ಲೇ ನಿಂತು, ಅವನತ್ತ ಬೆರಳು ಚಾಚಿ ಕೂಗಿದಳು: "ಅಕ್ಕಾ, ಇವನೇ! ನನ್ನ ಮಾರಿದ್ದು ಇವನೇ!"

ನಾನೂ ಕೂಗಿದೆ. ಈಚೆ ಭಾಷೆಯಲ್ಲೂ, ಆಚೆ ಭಾಷೆಯಲ್ಲೂ. ನಿಮ್ಮ ಅಧಿಕಾರಿ ನನ್ನ ಭುಜ ಹಿಡಿದು ಹಿಂದಕ್ಕೆ ಸರಿಸಿದರು. "ಗೆರೆ ದಾಟಿ ಆಯ್ತಲ್ಲಮ್ಮ, ಇನ್ನು ಅವರ ವ್ಯಾಪ್ತಿ. ನೀವು ಕೇಳಿದ್ದಷ್ಟನ್ನ ತಿರುಗಿಸಿ ಹೇಳಿದ್ರೆ ಸಾಕು." ಆಚೆಯ ಅಧಿಕಾರಿ ನಕ್ಕು, "ಮಕ್ಕಳು, ಹೆದರ್ತಾವೆ," ಎಂದರು. ದೊಡ್ಡಪ್ಪನೂ ನಕ್ಕ. ಅವಳ ತಲೆ ಸವರಿದ. ಇಬ್ಬರು ಅಧಿಕಾರಿಗಳೂ ಕೈಕುಲುಕಿದರು.

ಮಾನ್ಯರೇ, ಆ ಸಂಜೆ ಏನಾಯಿತು ಎಂದು ಬಲ್ಲಿರಾ? ಆಮೇಲೆ ಅವಳೇ ನನಗೆ ಹೇಳಿದ್ದು ಇದು. ಅವನು ಅವಳನ್ನು ಒಂದು ಕೋಣೆಗೆ ಕರೆದೊಯ್ದು, "ಯಾವ ಬೆರಳಲ್ಲಿ ತೋರಿಸಿದೆ, ಹೇಳು," ಎಂದು ಕೇಳಿದ. ಅವಳು ಹೇಳಲಿಲ್ಲ. ಅವನಿಗೆ ನೆನಪಿತ್ತು. ಬಲಗೈಯ ತೋರುಬೆರಳನ್ನು ಬಾಗಿಲಿನ ಸಂದಿಗೆ ಇಟ್ಟು, ಬಾಗಿಲು ಎಳೆದ. ಮೂಳೆ ಮುರಿದ ಸದ್ದು ಕೇಳಿಸಿದ ಮೇಲೆ ಇನ್ನೊಮ್ಮೆ ಎಳೆದ. ಆಮೇಲೆ ನಿಮ್ಮ ಸೇತುವೆಯ ಕೆಳಗೇ ದೋಣಿಯಲ್ಲಿ ಈಚೆ ದಡಕ್ಕೆ ತಂದು ಬೇರೊಂದು ಕಾರ್ಖಾನೆಗೆ ಮಾರಿದ. ಬೆರಳು ಕೊಳೆತು ಜ್ವರ ನೆತ್ತಿಗೇರಿದಾಗ ಅಲ್ಲಿಯವರು ಅವಳನ್ನು ಆಸ್ಪತ್ರೆಯ ಬಾಗಿಲಲ್ಲಿ ಎಸೆದುಹೋದರು. ಡಾಕ್ಟರು ಬೆರಳು ಕತ್ತರಿಸಿದರು. ಹೀಗೆ ಅವಳು ನಮ್ಮಲ್ಲಿಗೆ ಮರಳಿದಳು.

ಪ್ರಾದೇಶಿಕ ಸಹಕಾರ ಎಂದರೇನು ಎಂಬ ಗೋಷ್ಠಿ ನಿಮ್ಮ ಸಮ್ಮೇಳನದಲ್ಲಿದೆಯಂತೆ. ಉಪನ್ಯಾಸಕ್ಕೆ ಆ ದೊಡ್ಡಪ್ಪನನ್ನೇ ಕರೆಯಿರಿ. ಅವನಿಗೆ ಎರಡೂ ದಡಗಳಲ್ಲಿ ಜನರಿದ್ದಾರೆ. ಒಂದು ಫೋನಿಗೆ ದೋಣಿ ಬರುತ್ತದೆ, ಬಾಗಿಲು ತೆರೆಯುತ್ತದೆ. ವ್ಯಾಪ್ತಿ ಯಾರದು ಎಂಬ ಮಾತೇ ಅಲ್ಲಿ ಏಳುವುದಿಲ್ಲ. ಗೆರೆ ಇರುವುದು ಮಕ್ಕಳನ್ನು ಕಾಯುವವರಿಗೆ ಮಾತ್ರವೇ?

ಈಗ ಲಾಯರಮ್ಮ ವಾದ ಮಾಡುವುದಿಲ್ಲ. ಮೊನ್ನೆ ಅತ್ತೆ ಬೇಕೆಂದೇ ಅಡುಗೆಗೆ ಉಪ್ಪು ಹಾಕದೆ ಬಡಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಎದುರಿಗೆ ನಿಂತರು, ಬೈಸಿಕೊಳ್ಳಲು. ಹುಡುಗಿ ಎಡಗೈಯಲ್ಲಿ ಕಲಸಿ, ತಲೆ ಎತ್ತದೆ ತಿಂದು, ತಟ್ಟೆ ತೊಳೆದಿಟ್ಟಳು. ಅತ್ತೆ ಒಳಗೆ ಹೋಗಿ ಪಾತ್ರೆಗಳನ್ನು ಕುಕ್ಕಿದರು.

ಅಂಥವಳನ್ನು ನಾಡಿದ್ದು ಸೇತುವೆಯ ಮೇಲೆ ಕುಟುಂಬದೊಂದಿಗೆ ಸೇರಿಸುತ್ತೀರಂತೆ. ಯಾವ ಕುಟುಂಬ ಎಂದು ನಿಮ್ಮ ಕಚೇರಿಗೆ ಫೋನ್ ಮಾಡಿ ಕೇಳಿದೆ. "ಅದನ್ನೆಲ್ಲ ಆಚೆಯವರು ನೋಡಿದ್ದಾರೆ," ಎಂದರು. ಆಚೆಯವರನ್ನು ಅಜ್ಜಿಯ ಭಾಷೆಯಲ್ಲಿ ಕೇಳಿದೆ. "ಅದನ್ನ ಈಚೆಯವರು ನೋಡಿರ್ತಾರಲ್ಲ," ಎಂದರು. ಹೋದ ಸಲ ಆದದ್ದೂ ಇದೇ. ನೀವು ಅವರನ್ನು ನಂಬಿದಿರಿ, ಅವರು ನಿಮ್ಮನ್ನು ನಂಬಿದರು. ಇಬ್ಬರೂ ನಂಬದೆ ಹೋದದ್ದು ಬೆರಳು ಚಾಚಿ ಕೂಗಿದ ಹುಡುಗಿಯನ್ನು.

ಆದ್ದರಿಂದ ಕೇಳುತ್ತಿದ್ದೇನೆ. ಕರೆದೊಯ್ಯಲು ಬಂದವರನ್ನು ಸೇತುವೆಗಲ್ಲ, ಮೊದಲು ಆಶ್ರಯಗೃಹಕ್ಕೆ ಕರೆಸಿ. ಎರಡೂ ಕಡೆಯ ಅಧಿಕಾರಿಗಳು ಒಂದೇ ಕೋಣೆಯಲ್ಲಿ ಕುಳಿತು, ಹುಡುಗಿ ಅವರನ್ನು ಮರೆಯಿಂದ ನೋಡುವಂತೆ ಮಾಡಿ, ಇವರು ಯಾರೆಂದು ಅವಳನ್ನೇ ಕೇಳಿ. ಅವಳು ಬೇಡವೆಂದರೆ ಅದೇ ಕೊನೆಯ ಮಾತಾಗಲಿ. ಇನ್ನು ಆ ದೊಡ್ಡಪ್ಪ. ಅವನು ಯಾವ ದಡದಲ್ಲಿದ್ದರೂ ಇಬ್ಬರೂ ಸೇರಿ ಹಿಡಿಯಿರಿ. ಇವಿಷ್ಟೂ ಆಗುವವರೆಗೆ ಅವಳನ್ನು ಎಲ್ಲಿಗೂ ಕಳಿಸಬೇಡಿ.

ನಾಡಿದ್ದು ಅವಳನ್ನು ಗೆರೆಯವರೆಗೆ ನಡೆಸಿ ತರುವ ಕೆಲಸವನ್ನು ನನಗೇ ಒಪ್ಪಿಸಿದ್ದೀರಿ. ನಾನು ಏನು ಮಾಡಬೇಕೆಂದುಕೊಂಡಿದ್ದೇನೆ ಎಂಬುದನ್ನು ಅತ್ತೆಗೂ ಹೇಳಿಲ್ಲ. ನೀವು ಮೇಲಿನದನ್ನು ಮಾಡದಿದ್ದರೆ, ಅವಳು ಆಶ್ರಯಗೃಹದ ಹೊಸಿಲು ದಾಟುವುದಿಲ್ಲ. ಸೇತುವೆಗೆ ನಾನೊಬ್ಬಳೇ ಬರುತ್ತೇನೆ. ನಿಮ್ಮ ಹೊಸ ಬಣ್ಣದ ಮೇಲೆ ಒಂದು ಕಾಲು ಈಚೆ, ಒಂದು ಕಾಲು ಆಚೆ ಇಟ್ಟು ನಿಂತು, ನಡೆದದ್ದನ್ನು ಎರಡೂ ಭಾಷೆಗಳಲ್ಲಿ ಹೇಳತೊಡಗುತ್ತೇನೆ. ನನ್ನನ್ನು ಎಳೆದು ಹಾಕುವ ವ್ಯಾಪ್ತಿ ಯಾರದೆಂದು ನೀವಿಬ್ಬರೂ ಅಲ್ಲೇ ಕುಳಿತು ಮಾತಾಡಿಕೊಳ್ಳಬೇಕಾಗುತ್ತದೆ. ಸಹಕಾರ ಅಷ್ಟರಿಂದಲಾದರೂ ಶುರುವಾಗಲಿ.

ಇಂತಿ,
ಕೇಳಿದ್ದಷ್ಟನ್ನೇ ಹೇಳಬೇಕಾಗಿದ್ದ
ನಿಮ್ಮದೇ ದುಭಾಷಿ