ಅಳಿಸಿದ ಊರು

ಮಾರ್ಚ್ 3, ಸೋಮವಾರ. ಬೆಳಿಗ್ಗೆ 9.40

ಆಟದ ಕೋಣೆ. ಮೂರು ಪರದೆ, ಆರು ಕುರ್ಚಿ. ಏಳನೆಯದು ನನ್ನದು. ಹೀಗೆ ಗಮನಿಸುತ್ತ ಕೂತು ಇಂದಿಗೆ ಇಪ್ಪತ್ತೆರಡು ದಿನ. ನೋಟ್‌ಬುಕ್ಕಿನಲ್ಲಿ ಐದು ಕಾಲಂ — ನಂಬರು, ಬಂದ ಹೊತ್ತು, ಆಡಿದ ನಿಮಿಷ, ಪುಸ್ತಕ ಒಯ್ದರೇ, ಷರಾ.

ನಂ. 14, ನರ್ಸ್. ರಾತ್ರಿ ಪಾಳಿ ಮುಗಿಸಿ ನೇರ ಇಲ್ಲಿಗೆ. ಯಾವಾಗಲೂ ಮೊದಲನೇ ಪರದೆ. 40 ನಿಮಿಷ. ಪುಸ್ತಕ ಇಲ್ಲ. ಷರಾ: ಕೂತ ಕೂಡಲೇ ನಗು, ಕಾರಣವಿಲ್ಲದೆ.

ನನ್ನ ಕುರ್ಚಿ ಪರದೆಗಳ ಹಿಂದೆ, ಆಡುವವರಿಗೆ ಎದುರಾಗಿ. ಮುಖ ಮಾತ್ರ ಕಾಣುತ್ತದೆ. ಬೇಕೆಂದೇ ಹಾಕಿಕೊಂಡದ್ದು. ಅಧ್ಯಯನ ಮಾಡಬೇಕಿರುವುದು ಮನುಷ್ಯರನ್ನು, ಆಟವನ್ನಲ್ಲ.

‘ಗ್ರಂಥಾಲಯದಲ್ಲಿ ವಿಡಿಯೊ ಗೇಮ್‌ಗಳ ಪಾತ್ರ’ — ತಿಂಗಳ ಕೊನೆಗೆ ಈ ವರದಿ ಗ್ರಂಥಾಲಯ ಸಮಿತಿಯ ಮುಂದೆ ಇರಬೇಕು. ಆಡಲು ಬಂದವರು ಪುಸ್ತಕದ ಕಡೆ ತಿರುಗುತ್ತಿಲ್ಲವೆಂದರೆ ಕೋಣೆ ಹಳೆಯ ಪತ್ರಿಕೆಗಳ ಕಟ್ಟುಗಳಿಗೆ. ಈ ಕೆಲಸ ನನ್ನ ತಲೆಗೆ ಕಟ್ಟುವಾಗ ಮುಖ್ಯಸ್ಥರು ಹೇಳಿದ್ದು: “ನಿಮಗೆ ಗೇಮ್ ಅಂದ್ರೆ ಆಗಲ್ಲ ಅಂತ ಎಲ್ರಿಗೂ ಗೊತ್ತು. ನೀವು ಬರೆದ್ರೆ ಗೇಮ್ ಪರ ಪಕ್ಷಪಾತ ಅಂತ ಯಾರೂ ಅನ್ನಲ್ಲ.” ಹೊಗಳಿದರೋ ಬೈದರೋ ತಿಳಿಯಲಿಲ್ಲ. ಇರಲಿ. ಹಿಡಿದ ಕೆಲಸ ಬಿಡುವವಳಲ್ಲ.

ಮಾರ್ಚ್ 5, ಬುಧವಾರ

ನಂ. 31, ಬಸ್ ಡ್ರೈವರ್. ಎರಡು ಟ್ರಿಪ್‌ಗಳ ನಡುವಿನ ಬಿಡುವು, ಮಧ್ಯಾಹ್ನ 2ರಿಂದ 3. ಅದೇ ಮೊದಲನೇ ಪರದೆ. ಪುಸ್ತಕ ಇಲ್ಲ. ಷರಾ: ಒಬ್ಬರೇ ತಲೆಯಾಡಿಸುತ್ತಾರೆ, ಯಾರೋ ಏನೋ ಹೇಳಿದ ಹಾಗೆ.

ಸಂಜೆ ಮನೆಯಲ್ಲಿ ಅತ್ತೆ ಕೇಳಿದರು, “ಅವ್ರು ಆಡೋದಾದ್ರೂ ಏನು?”

“ಊರು ಕಟ್ಟೋ ಆಟ ಅಂತೆ.”

“ಅಂತೆ ಅಂದ್ರೆ? ಒಂದ್ ತಿಂಗ್ಳಿಂದ ಕೂತಿದೀಯ, ನೋಡಿಲ್ವಾ?”

“ಅದು ನನ್ನ ಕಾಲಂನಲ್ಲಿ ಇಲ್ಲ ಅತ್ತೆ.”

ಬಿದ್ದು ಬಿದ್ದು ನಕ್ಕರು. ನಗುವಂಥದ್ದು ಏನಿತ್ತೋ.

ಮಾರ್ಚ್ 8, ಶನಿವಾರ. ಸಂಜೆ 5

ವರ್ಷದ ಸ್ಟಾಕ್ ವೆರಿಫಿಕೇಷನ್. ಓದುಗರಿಗೆ ರಜೆ. ನನಗೆ ಇಷ್ಟದ ದಿನ. ಎಲ್ಲವೂ ತಮ್ಮ ತಮ್ಮ ಜಾಗಕ್ಕೆ. ರಬ್ಬರ್ ಹಿಡಿದು ಕೂತರೆ ನಾನು ಸೋಲುವುದಿಲ್ಲ — ಪುಸ್ತಕದ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ ಗೀಚಿದ ಗೆರೆ, ‘ಹೌದು ಹೌದು!’, ‘ಸುಳ್ಳು’, ಎಲ್ಲ ಅಳಿಸುತ್ತೇನೆ. ಇಪ್ಪತ್ತಾರು ವರ್ಷದ ರೂಢಿ. ಮುಂದಿನವರ ಕೈಗೆ ಹೊಸದರಂತೆ ಸಿಗಬೇಕು.

ಈ ಸಲ ಆಟದ ಕೋಣೆಯನ್ನೂ ಬಿಡಲಿಲ್ಲ. ಮೂರೂ ಮಷೀನಿನಲ್ಲಿ ಹಳೆಯ ‘ಸೇವ್’ಗಳು, ಆಡಿದವರು ಅರ್ಧಕ್ಕೆ ಉಳಿಸಿಟ್ಟ ಆಟಗಳು, ತುಂಬಿಕೊಂಡಿದ್ದವು. ಒಂದೊಂದನ್ನೂ ತೆಗೆದೆ. ಅಳಿಸಿದರೆ ಮರಳಿ ಬರುವುದಿಲ್ಲ, ಅಳಿಸಲೇ ಎಂದು ಮಷೀನು ಕೇಳಿತು. ಹೌದು ಒತ್ತಿದೆ. ಆಟಗಳೆಲ್ಲ ಮೊದಲಿನಿಂದ ಶುರು. ಅಚ್ಚುಕಟ್ಟು. ಬೆನ್ನು ನೋವು, ಮನಸ್ಸು ಹಗುರ.

ಮಾರ್ಚ್ 10, ಸೋಮವಾರ. ಬೆಳಿಗ್ಗೆ 9.30

ನರ್ಸ್ ಬಂದರು. ಕೂತರು. ನಗಲಿಲ್ಲ.

“ಮೇಡಂ... ಊರು ಎಲ್ಲಿ?”

ಸ್ವಚ್ಛ ಮಾಡಿದೆ ಎಂದೆ. ಹೆಮ್ಮೆಯಿಂದಲೇ ಹೇಳಿದೆ — ಈಗ ನೆನೆದರೆ ಮೈ ಹಿಡಿಯಾಗುತ್ತದೆ. ಅವರು ಜಗಳಕ್ಕೆ ಬರಲಿಲ್ಲ. ಕೈ ಮಡಿಲಲ್ಲಿಟ್ಟು ಪರದೆಯನ್ನೇ ನೋಡಿದರು. “ಪರವಾಗಿಲ್ಲ ಬಿಡಿ” ಎಂದು ಬ್ಯಾಗು ಎತ್ತಿಕೊಂಡು ಹೋದರು. ಆಡಿದ ನಿಮಿಷ: 4.

ಮಧ್ಯಾಹ್ನ 3.15

ಡ್ರೈವರ್ ಪೂರ್ತಿ ಹೇಳಿದರು. ಎಂಟು ತಿಂಗಳಿಂದ ಒಂದೇ ಸೇವ್, ಒಂದೇ ಊರು. ನದಿ, ಸೇತುವೆ, ಗಿರಣಿ, ಮೂವತ್ತು ಮನೆ. ಇವರು ಮಧ್ಯಾಹ್ನ ಕಟ್ಟುತ್ತಾರೆ. ಬೆಳಿಗ್ಗೆ ಬೇರೆ ಯಾರೋ ಮುಂದುವರಿಸುತ್ತಾರೆ. ಆಟದೊಳಗೆ ಬೋರ್ಡು ನೆಟ್ಟು ಬರೆಯಬಹುದಂತೆ.

“ಬೆಳಗಿನವರು ಬರೆದಿಡ್ತಾರೆ ಮೇಡಂ, ‘ಮರ ಸಾಕಾಗಲಿಲ್ಲ, ನೀವು ತನ್ನಿ’ ಅಂತ. ನಾನು ತಂದು, ‘ತಂದಿದೀನಿ, ಬಿಲ್ಲೇನೂ ಇಲ್ಲ’ ಅಂತ ಬರೀತೀನಿ. ಒಂದ್ಸಲ ಅವ್ರು ‘ಇವತ್ತು ವಾರ್ಡಲ್ಲಿ ಒಬ್ರು ಹೋಗ್ಬಿಟ್ರು, ಏನೂ ಕಟ್ಟೋಕಾಗಲ್ಲ’ ಅಂತ ಬರ್ದಿದ್ರು. ಅವತ್ತು ನಾನು ನದಿ ಪಕ್ಕ ಒಂದು ಬೆಂಚು ಮಾಡಿಟ್ಟೆ. ಅಷ್ಟೇ.”

“ಅವ್ರು ಯಾರು ಅಂತ...?”

“ಗೊತ್ತಿಲ್ಲ. ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ.”

ನನಗೆ ಗೊತ್ತು. 14 ಮತ್ತು 31. ನನ್ನ ನೋಟ್‌ಬುಕ್ಕಿನಲ್ಲಿ ಒಂದೇ ಪುಟದಲ್ಲಿದ್ದಾರೆ. ಕಾರಣವಿಲ್ಲದ ನಗು, ಒಂಟಿ ತಲೆಯಾಟ... ಒಬ್ಬರ ಬೋರ್ಡು ಇನ್ನೊಬ್ಬರು ಓದುತ್ತಿದ್ದರು. ನಾನು ಪರದೆಯ ಹಿಂದೆ ಕೂತು ನಿಮಿಷ ಎಣಿಸುತ್ತಿದ್ದೆ.

ನಾಲಿಗೆ ತುದಿಗೆ ಬಂತು. ಹೇಳಲಿಲ್ಲ. ಒಬ್ಬ ಓದುಗರ ವಿಷಯ ಇನ್ನೊಬ್ಬರಿಗೆ ಹೇಳುವುದು ಇಲ್ಲಿ ಸಲ್ಲದು. ಈ ನಿಯಮ ಒಂದು ದಿನವೂ ಮುರಿದಿಲ್ಲ.

ಮಾರ್ಚ್ 11, ಮಂಗಳವಾರ

ನರ್ಸ್ ಬರಲಿಲ್ಲ. ಡ್ರೈವರ್ ಬಾಗಿಲವರೆಗೆ ಬಂದು, ಇಣುಕಿ, ಪತ್ರಿಕೆ ಓದಲು ಹೋದರು.

ಅತ್ತೆಗೆ ಎಲ್ಲ ಹೇಳಿಕೊಂಡೆ. ಅಳುವೇ ಬಂತು. ಅವರು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಪೂರ್ತಿ ಕೇಳಿ, “ಲೈನ್ ಕಟ್ ಆದ್ರೆ ನಾವೇನ್ ಮಾಡ್ತಿದ್ವಿ ಗೊತ್ತಾ? ಅಳ್ತಾ ಕೂರ್ತಿರ್ಲಿಲ್ಲ. ಮತ್ತೆ ಹಾಕ್ತಿದ್ವಿ. ಆ ಕಡೆ ಯಾರು, ಈ ಕಡೆ ಯಾರು, ಅದು ನಮಗೆ ಬೇಡ. ಲೈನ್ ಕೂಡಿಸೋದಷ್ಟೇ ನಮ್ಮ ಕೆಲಸ,” ಎಂದರು.

“ನಂಗೆ ಆ ಆಟ ಆಡೋಕೇ ಬರಲ್ವಲ್ಲ ಅತ್ತೆ.”

“ಕಲಿ. ನಾನು ಹುಟ್ಟುವಾಗ್ಲೇ ಹೆಡ್‌ಫೋನ್ ಹಾಕ್ಕೊಂಡ್ ಬಂದಿದ್ನಾ?”

ಮಾರ್ಚ್ 13, ಗುರುವಾರ. ಮಧ್ಯಾಹ್ನ 1.30

ಊಟದ ಬಿಡುವು. ಮೊದಲನೇ ಪರದೆ, ಈ ಸಲ ಮುಂದೆ. ಕೈಯಲ್ಲಿ ಹಿಡಿಯುವ ಕಂಟ್ರೋಲರಿನಲ್ಲಿ ನಡೆಯಲು ಒಂದು ಗುಂಡಿ, ನೋಡಲು ಇನ್ನೊಂದು. ಎರಡೂ ಒಟ್ಟಿಗೆ ಆಗುತ್ತಿಲ್ಲ. ಮೂರು ಸಲ ನದಿಗೆ ಬಿದ್ದೆ. ಒಂದು ಸಲ ನಾನೇ ತೋಡಿದ ಬಾವಿಗೆ. ಪಕ್ಕದ ಕುರ್ಚಿಯ ಕಾಲೇಜು ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದಳು. ನಗಲಿ.

ಮಾರ್ಚ್ 18, ಮಂಗಳವಾರ

ನರ್ಸ್ ಇಲ್ಲ. ಎಂಟು ದಿನವಾಯಿತು.

ಎರಡು ಗುಡಿಸಲು ಎದ್ದಿವೆ. ಒಂದಕ್ಕೆ ಬಾಗಿಲು ಮರೆತೆ. ಮರ ಕಡಿದು ನದಿ ಪಕ್ಕ ಒಟ್ಟಿದ್ದೇನೆ. ಬೋರ್ಡು ನೆಟ್ಟು ಬರೆದೆ: ‘ಊರು ಅಳಿಸಿದ್ದು ನಾನು. ತಿಳಿಯದೆ ಮಾಡಿದೆ, ಕ್ಷಮಿಸಿ. ಮರ ಇಟ್ಟಿದ್ದೇನೆ. ಸೇತುವೆ ಕಟ್ಟಲು ನನಗೆ ಬರುವುದಿಲ್ಲ. — ಗ್ರಂಥಪಾಲಕಿ.’

ಕೌಂಟರಿಗೆ ಒಂದು ಪುಸ್ತಕ ವಾಪಸು ಬಂತು. ಅರುವತ್ತನೇ ಪುಟದ ಅಂಚಿನಲ್ಲಿ ಪೆನ್ಸಿಲ್: ‘ನನಗೂ ಹೀಗೇ ಆಗಿತ್ತು.’ ರಬ್ಬರ್ ಕೈಯಲ್ಲಿತ್ತು. ಡ್ರಾಯರಿಗೆ ಹಾಕಿದೆ. ಇಷ್ಟು ವರ್ಷ ಯಾರ ಯಾರ ಮಾತು ಅಳಿಸಿದೆನೋ, ಲೆಕ್ಕವಿಲ್ಲ.

ಮಾರ್ಚ್ 27, ಗುರುವಾರ

ವರದಿ ಮುಗಿಯಿತು. ನಾನು ಗಮನಿಸಿದ್ದು ನಲವತ್ತಾರು ಮಂದಿಯನ್ನು. ಪುಸ್ತಕ ಒಯ್ದವರು ಐದು. ಅದನ್ನು ಆರೂ ಮಾಡಿಲ್ಲ. ಕೊನೆಯಲ್ಲಿ ನಾಲ್ಕು ಪುಟ — ನಾನು ಅಳಿಸಿದ ಊರಿನ ಬಗ್ಗೆ.

ಮುಖ್ಯಸ್ಥರು ಕನ್ನಡಕ ತೆಗೆದರು. “ಇದನ್ಯಾಕೆ ಸೇರಿಸ್ತೀರಿ? ನಿಮ್ಮ ಕುತ್ತಿಗೆಗೇ ಬರತ್ತೆ.”

“ಬರ್ಲಿ ಸಾರ್. ಎರಡು ತಿಂಗಳಲ್ಲಿ ನನಗೆ ಸಿಕ್ಕಿದ್ದು ಇದೊಂದೇ. ಇದನ್ನ ಬಿಟ್ರೆ ವರದಿ ಸುಳ್ಳಾಗತ್ತೆ.”

“ಕೋಣೆ ಉಳಿಯಲ್ಲ ಅಂದ್ರೆ?”

“ಉಳಿಸೋಕೇ ಬರ್ದಿದೀನಿ.”

ಹೇಳಿಬಿಟ್ಟೆ. ಪಕ್ಷಪಾತ ಇಲ್ಲದವಳು ಎಂಬ ಹೆಸರು ಅಲ್ಲಿಗೆ ಹೋಯಿತು. ಹೋಗಲಿ, ಅದರಿಂದ ಯಾರಿಗೆ ಏನಾಗಬೇಕಿತ್ತು.

ಮಾರ್ಚ್ 31, ಸೋಮವಾರ. ಬೆಳಿಗ್ಗೆ 10.30

ಹನ್ನೊಂದಕ್ಕೆ ಸಮಿತಿ.

9.20ಕ್ಕೆ ನರ್ಸ್ ಬಂದರು! ಬಂದದ್ದು ಓದು ಮುಗಿಯದ ಯಾವುದೋ ವಾರಪತ್ರಿಕೆಗಂತೆ. ನಾನು ಕೌಂಟರಿನಿಂದ, “ಒಂದ್ಸಲ ಒಳಗೆ ನೋಡಿ ಹೋಗಿ,” ಎಂದೆ. ಹೋದರು. ನಾನು ಹಿಂದೆ ಹೋಗಲಿಲ್ಲ. ಹೋಗಬಾರದು ಎಂದು ಮೇಜು ಹಿಡಿದು ನಿಂತಿದ್ದೆ. ಐದು ನಿಮಿಷ ಏನೂ ಇಲ್ಲ. ಆಮೇಲೆ ನಗು. ಇಲ್ಲಿಯವರೆಗೆ ಕೇಳಿಸುವಷ್ಟು.

ಹೊರಡುವಾಗ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೇ. ಒಳಗೆ ಓಡಿದೆ. ನದಿಯ ಮೇಲೆ ಕಾಲು ಭಾಗ ಸೇತುವೆ. ಪಕ್ಕದಲ್ಲಿ ಎರಡು ಬೋರ್ಡು. ಒಂದು ನನಗೆ: ‘ಮೇಡಂ, ಬಾಗಿಲಿಲ್ಲದ ಮನೆಯೊಳಗೆ ಯಾರನ್ನು ಕೂಡಿಹಾಕಿದ್ದೀರಿ?’ ಇನ್ನೊಂದು ನನಗಲ್ಲ. ಓದಲಿಲ್ಲ.

ಮಧ್ಯಾಹ್ನ 1.15

ಸಮಿತಿಯ ಮೂವರಲ್ಲಿ ಇಬ್ಬರು ಪುಸ್ತಕದ ಕಾಲಂ ನೋಡಿ ಮುಖ ಸಿಂಡರಿಸಿದರು. ಮೂರನೆಯವರು, ವಯಸ್ಸಾದ ಹೆಣ್ಣುಮಗಳು, ಕೊನೆಯ ಪುಟಗಳನ್ನು ಎರಡು ಸಲ ಓದಿದರು.

“ಆ ಇಬ್ರೂ ಯಾರು?”

“ಹೇಳೋಕಾಗಲ್ಲ ಮೇಡಂ.”

“ಅವ್ರಿಗಾದ್ರೂ ಹೇಳಿದೀರಾ?”

“ಇಲ್ಲ.”

“ಊರು ವಾಪಸ್ ಬಂತಾ?”

“ಕಾಲು ಭಾಗ ಸೇತುವೆ ಬಂದಿದೆ. ಇವತ್ತು ಬೆಳಿಗ್ಗೆ.”

ಆಮೇಲೆ ಅವರು ಅವರಲ್ಲೇ ಮಾತಾಡಿದರು. ಕೋಣೆಗೆ ಇನ್ನೊಂದು ವರ್ಷ. ನನಗೆ ಒಂದು ಮೆಮೊ, ಕೇಳದೆ ಅಳಿಸಿದ್ದಕ್ಕೆ. ಎರಡೂ ನ್ಯಾಯವೇ. ಮೆಮೊವನ್ನು ಫೈಲಿಗೆ ಹಾಕುವ ಮೊದಲು ಮೂಗು ಒರೆಸಿಕೊಂಡೆ.

ಮಧ್ಯಾಹ್ನ 2.10

ಬೆಳಿಗ್ಗೆ ಡಿಪೊಗೆ ಫೋನ್ ಮಾಡಿ ಕರೆಸಲೇ ಎಂದುಕೊಂಡಿದ್ದೆ. ಮಾಡಲಿಲ್ಲ. ಡ್ರೈವರ್ ತಾವಾಗಿಯೇ ಬಂದರು. ಪತ್ರಿಕೆ ಓದುವ ಕಡೆ ಹೊರಟವರು ಬಾಗಿಲಲ್ಲಿ ಇಣುಕಿದರು, ನಿಂತರು, ಒಳಗೆ ಹೋಗಿ ಕೂತರು.

ನನ್ನ ಹಳೆಯ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ನಂ. 31. ಷರಾ: ತಲೆಯಾಡಿಸಿದರು. ಕಣ್ಣು ಒರೆಸಿಕೊಂಡರು. ನಗು, ಕಾರಣವಿಲ್ಲದೆ —

‘ಕಾರಣವಿಲ್ಲದೆ’ ಹೊಡೆದು ಹಾಕಿದೆ.

“ಮೇಡಂ, ಬೆಳಗಿನವರು ಬಂದಿದ್ದಾರೆ! ಸೇತುವೆಗೆ ಇನ್ನೂ ಮರ ಬೇಕಂತೆ. ನನ್ನೊಬ್ನಿಂದ ಆಗಲ್ಲ. ಇನ್ನೊಂದ್ ಕಂಟ್ರೋಲರ್ ಇದೆ, ಬರ್ತೀರಾ?”

ಬಂದೆ ಎಂದೆ. ಕುರ್ಚಿ ಆ ಕಡೆಗೆ ಎಳೆದುಕೊಂಡು, ಮೊದಲು ಆ ಮನೆಗೊಂದು ಬಾಗಿಲು...