ತಾಯಿಯ ಆಶೀರ್ವಾದ

೨೧ ನವೆಂಬರ್, ಶುಕ್ರವಾರ. ರಾತ್ರಿ ಹತ್ತು.

ಇಡೀ ದಿನ ಕೊಣ್ಣೂರಿನಲ್ಲಿ ಕಿರಾಣಿ ಅಂಗಡಿಯ ಬೋರ್ಡು ಬರೆದು ಬಂದೆ. ಊಟಕ್ಕೆ ಕೂತಾಗ ಅಣ್ಣ ಗ್ಯಾನಪ್ಪ ಶುರು ಮಾಡಿದ. "ಮಂದಿ ಮನಿಗೆಲ್ಲಾ ಬರೀತಿ, ನಮ್ಮ ಬಾಗಲಾ ಯಾಕ ಬೋಳ? 'ತಾಯಿಯ ಆಶೀರ್ವಾದ' ಅಂತ ಚಂದಂಗ ಬರಿ. ರವಿವಾರ ಬೀಗರು ಬರತಾರ."

ಯಾವ ಆಶೀರ್ವಾದ? ಹೊಳೆ ನುಗ್ಗಿ ಕೆಳಗಿನ ಹಳೆಯ ಮನೆ ಬಿದ್ದ ಮೇಲೆ ಸರ್ಕಾರ ಈ ದಿನ್ನೆಯ ಮೇಲೆ ಮನೆ ಕೊಟ್ಟಿತು. ಅವ್ವ ಇದನ್ನು ಒಂದು ದಿನವೂ ಮನೆ ಎನ್ನಲಿಲ್ಲ, ಶೆಡ್ಡು ಎನ್ನುತ್ತಿದ್ದಳು. ದಿನಾ ಕಸಬರಿಗೆ ಹಿಡಿದು ಇಳಿದು ಹೋಗಿ, ಬಿದ್ದ ಮನೆಯ ಅಂಗಳ ಗುಡಿಸಿ ಬರುತ್ತಿದ್ದಳು. ಹಾಸಿಗೆ ಹಿಡಿದಾಗಲೂ "ನನ್ನ ಮನೀಗೆ ಒಯ್ರೋ" ಎಂದು ಬೇಡಿಕೊಂಡಳು. "ಇದ ಮನಿ ಬೇ, ಸುಮ್ಮನ ಮಲಕೋ" ಎಂದವನು ಇದೇ ಅಣ್ಣ. ಅವಳು ಇಲ್ಲಿಯೇ ಸತ್ತಳು. ಈಗ ಬೀಗರಿಗೆ ತೋರಿಸಲು ಅವಳ ಆಶೀರ್ವಾದ ಬೇಕು.

"ಶೆಡ್ಡು ಅಂತ ಬರೀಲೇನು?" ಎಂದೆ. ಅತ್ತಿಗೆ ನಕ್ಕಳು. ಅಣ್ಣ ತಾಟು ಸರಿಸಿ ಎದ್ದು ಹೋದ.

ಅಂಗಡಿಗೆ ಬಳಸಿ ಉಳಿದ ಕೆಂಪು ಬಣ್ಣ ಇದೆ. ಅಣ್ಣ ಹೇಳಿದ ಏಳು ಅಕ್ಷರಕ್ಕೆ ಸಾಕು, ಆದರೆ ಈ ಬಾಗಿಲಿಗಲ್ಲ.

ನಾಳೆ ಬೇರೆ ಕೆಲಸವಿಲ್ಲ. ಮುಂಜಾನೆ ಬ್ರಷ್ಶು, ಬಣ್ಣ, ಕಸಬರಿಗೆ ತೆಗೆದುಕೊಂಡು ಕೆಳಗಿನ ಮನೆಗೆ ಹೋಗುತ್ತೇನೆ. ಅದರ ಬಾಗಿಲ ಚೌಕಟ್ಟು ಇನ್ನೂ ನಿಂತಿದೆ.