ಗುಹೆಯೊಳಗೆ ಕಳಚಿದ ಶೂ

ಪೋರ್ಟೊ ರಿಕೊ, 9 ಏಪ್ರಿಲ್ 1996

ಅತ್ತೆ, ಮೇರಿಲ್ಯಾಂಡಿನ ಚಳಿಯಲ್ಲಿರುವ ನಿಮಗೆ ಈ ದ್ವೀಪದ ಬಿಸಿಲಿನಿಂದ ನಮಸ್ಕಾರ.

ಇಂದು ಸುಣ್ಣಕಲ್ಲಿನ ಗುಹೆಗಳನ್ನು ನೋಡಿಬಂದೆವು. ಒಳಗೊಂದು ಆಳೆತ್ತರದ ಬಿಳಿಗಲ್ಲು, ಅದರ ನೆತ್ತಿಯ ಮೇಲೆ ತೊಟ್ಟಿಕ್ಕುವ ನೀರು, ಥೇಟ್ ಅಭಿಷೇಕ. ನನಗೇ ಅರಿವಿಲ್ಲದೆ ಶೂ ಕಳಚಿ ಪಕ್ಕಕ್ಕಿಟ್ಟೆ. ಇಲ್ಲಿಯ ನಿಯಮವೇ ಇರಬೇಕೆಂದು ನನ್ನ ಹಿಂದಿದ್ದ ಇಬ್ಬರು ಅಮೆರಿಕನ್ ಅಜ್ಜಿಯರೂ ಕಳಚಿಬಿಟ್ಟರು! ನೆಲ ಜಾರುತ್ತದೆಂದು ಗೈಡ್ ಗಾಬರಿಯಿಂದ ಓಡಿಬಂದ.

"ಅಮ್ಮಾ, ಶೂಸ್ ಹಾಕ್ಕೊ! ಸ್ಲಿಪ್ ಆಗ್ತೀಯ! ದಿಸ್ ಈಸ್ ನಾಟ್ ಅವರ್ ಲ್ಯಾನ್‌ಹ್ಯಾಮ್ ಟೆಂಪಲ್!" ಎಂದು ನಿಮ್ಮ ಮೊಮ್ಮಗಳು ಕೂಗಿದಳು. ಈ ವರ್ಷ ಡ್ರೈವಿಂಗ್ ಕಲಿಯುವುದು ಬೇಡ ಎಂದಾಗಿನಿಂದ ಮಾಯಾ ನನ್ನೊಡನೆ ಮಾತು ಬಿಟ್ಟಿದ್ದಳಲ್ಲ, ಹನ್ನೆರಡು ದಿನಗಳ ಮೇಲೆ ಆಡಿದ ಮೊದಲ ಮಾತು ಇದು. ನಾಚಬೇಕೋ ಹಿಗ್ಗಬೇಕೋ ತಿಳಿಯದೆ ನಿಂತೆ. ನಗು ತಡೆಯಲಾರದೆ ಅವಳೇ ಬಗ್ಗಿ ನನ್ನ ಲೇಸ್ ಕಟ್ಟಿದಳು. ಡ್ರೈವಿಂಗ್ ಬೇಡವೆಂದದ್ದು ಸರಿಯಾಗಿತ್ತೇ ಎಂದು ಈಗ ಯೋಚಿಸುತ್ತಿದ್ದೇನೆ.

ಮಂಡಿನೋವಿನ ಮಾತ್ರೆಯನ್ನು ಊಟವಾದ ಮೇಲೆಯೇ ತೆಗೆದುಕೊಳ್ಳಿ.

"ಸ್ಟಾಪ್ ಅಮ್ಮಾ, ಅಜ್ಜಿಗೆ ನಾನೂ ಬರೀಬೇಕು, ಸ್ವಲ್ಪ ಸ್ಪೇಸ್ ಬಿಡು," ಎನ್ನುತ್ತಿದ್ದಾಳೆ. ಬಿಟ್ಟಿದ್ದೇನೆ.

ಮೈಥಿಲಿ